ಕೆಟ್ಟ ವರ್ಷದ ಲೆಕ್ಕ

ಮೈಸೂರಿನ ಕಡೆಯಿಂದ ಬರುವ ರಸ್ತೆ ಕೊಪ್ಪ ದಾಟಿ ಕಾವೇರಿ ಸೇತುವೆ ಹತ್ತಿಳಿದರೆ ಕುಶಾಲನಗರ. ಕೊಡಗು ಅಲ್ಲಿಂದ ಶುರುವಾದರೂ ಕಾಫಿ ಗಿಡ ಇನ್ನೂ ಕಣ್ಣಿಗೆ ಬೀಳುವುದಿಲ್ಲ, ಬೀಳುವುದು ಅಂಗಡಿಗಳ ಸಾಲು. ಜೇನು, ಏಲಕ್ಕಿ, ಕಾಳುಮೆಣಸು, ಕಾಚಂಪುಳಿ ಎಂಬ ಹುಳಿ, ಮನೆಯಲ್ಲೇ ಮಾಡಿದ ವೈನು, ಚಾಕೊಲೇಟು, ಹತ್ತಾರು ಹೆಸರಿನ ಕಾಫಿ ಪುಡಿ. ಊರಾಚೆ ಕೂಡ್ಲೂರಿನ ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ಗಳ ತಗಡಿನ ಮಾಡುಗಳು. ಇಲ್ಲಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್. ಆನೆಕಾಡಿನ ನೆರಳಲ್ಲಿ ಸಾಗಿ, ಸುಂಟಿಕೊಪ್ಪದ ತೋಟಗಳ ನಡುವೆ ಏರುವ ಈ ಸಣ್ಣ ದೂರದಲ್ಲೇ ವರ್ಷದ ಮಳೆ ಮೂರು ಪಟ್ಟಾಗುತ್ತದೆ. ಕುಶಾಲನಗರದಲ್ಲಿ 1,000 ಮಿಲಿಮೀಟರಿನ ಆಸುಪಾಸು, ಮಡಿಕೇರಿಯಲ್ಲಿ 3,000ಕ್ಕೂ ಮಿಕ್ಕು. ಕೆಳಗಿನ ಊರಿಗೆ ಒಪ್ಪುವ ಬೆಳೆ ಮೇಲಿನದಕ್ಕೆ ಒಪ್ಪುವುದಿಲ್ಲ. ಕೆಳಗೆ ನಡೆಯುವ ವ್ಯಾಪಾರ ಮೇಲೆ ಜೂನ್ ತಿಂಗಳಲ್ಲಿ ಬಾಗಿಲು ಮುಚ್ಚಬಹುದು. ಉದ್ಯಮ ಶುರುಮಾಡುವುದನ್ನು ಕುರಿತು ಯೋಚಿಸುವವರಿಗೆ ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಇರಲಾರದು. ಸುಮಾರು 170 ವರ್ಷಗಳಲ್ಲಿ ಇಲ್ಲಿ ಎಷ್ಟೋ ಉದ್ಯಮಗಳು ಶುರುವಾಗಿವೆ, ಮುಗ್ಗರಿಸಿವೆ, ಕೆಲವು ಮತ್ತೆ ಎದ್ದಿವೆ. ಅವುಗಳ ಗುರುತು ಗುಡ್ಡದ ಮೇಲೆಯೇ ಉಳಿದಿದೆ.

ಮಡಿಕೇರಿಯಿಂದ ಸುಮಾರು 250 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಉದ್ಯಮದ ಮಾತು ಬಂದರೆ ಮೊದಲು ಕೇಳಿಸುವ ಪದಗಳು ಹೊಸ ಐಡಿಯಾ, ಬಂಡವಾಳ, ವೇಗ. ಕೊಡಗಿನಲ್ಲಿ ಅರೇಬಿಕಾ ಸಸಿ ನೆಟ್ಟವರು ಮೊದಲ ಹಣ್ಣಿಗೆ ಮೂರು ನಾಲ್ಕು ವರ್ಷ ಕಾಯಬೇಕು, ರೊಬಸ್ಟಾ ಆದರೆ ಇನ್ನೂ ಸ್ವಲ್ಪ ಹೆಚ್ಚು. ಪೂರ್ತಿ ಫಸಲಿಗೆ ಆರೇಳು ವರ್ಷ. ಆಮೇಲೂ ಇಡೀ ವರ್ಷದ ಗಳಿಕೆ ಫೆಬ್ರವರಿ, ಮಾರ್ಚ್‌ನಲ್ಲಿ ಬರುವ ಒಂದೆರಡು ಹೂಮಳೆಯನ್ನೂ ಅದಾದ ಎರಡು ಮೂರು ವಾರಕ್ಕೆ ಬೀಳಬೇಕಾದ ಬ್ಯಾಕಿಂಗ್ ಮಳೆಯನ್ನೂ ನೆಚ್ಚಿಕೊಂಡಿರುತ್ತದೆ. ಹೂ ಬಿಟ್ಟ ಮೇಲೆ ಮಳೆ ಕೈಕೊಟ್ಟರೆ ಕಾಯಿ ಕಟ್ಟುವುದಿಲ್ಲ, ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಕಣದಲ್ಲಿ ಹರವಿದ ಕಾಫಿ ಕೊಳೆಯುತ್ತದೆ. ಇಂಥ ನೆಲದಲ್ಲಿ ಒಳ್ಳೆಯ ವರ್ಷದಲ್ಲಿ ಎಷ್ಟು ಬಂದೀತು ಎಂಬ ಲೆಕ್ಕ ಯಾರಿಗಾದರೂ ಬರುತ್ತದೆ. ಕೆಟ್ಟ ವರ್ಷದಲ್ಲಿ ಹೇಗೆ ನಿಂತೇನು ಎಂಬ ಲೆಕ್ಕವನ್ನು ಹಣ ಹಾಕುವ ಮುಂಚೆಯೇ ಹಾಕಿಕೊಂಡವರ ಉದ್ಯಮ ಮಾತ್ರ ಮುಂದಿನ ತಲೆಮಾರಿಗೆ ದಾಟಿದೆ. ಕೊಡಗಿನ ಚರಿತ್ರೆ ಉದ್ಯಮಿಗೆ ಕಲಿಸುವುದು ಇದನ್ನೇ ಎಂಬುದು ನನ್ನ ವಾದ. ಇದಕ್ಕೆ ಎದುರಾಗಿ ಹೇಳಬಹುದಾದ ಗಟ್ಟಿ ಮಾತುಗಳೂ ಇವೆ, ಅವುಗಳಿಗೆ ಮುಂದೆ ಬರುತ್ತೇನೆ.

ಮೊದಲು ಮಡಿಕೇರಿ. ಚಿಕ್ಕವೀರರಾಜೇಂದ್ರನಿಂದ ಬ್ರಿಟಿಷರು ಕೊಡಗನ್ನು ಕಿತ್ತುಕೊಂಡದ್ದು 1834ರಲ್ಲಿ. ನಾಲ್ಕುನಾಡಿನ ಕಡೆ ಮಾಪಿಳ್ಳೆಗಳು ಅದಕ್ಕೂ ಮೊದಲೇ ಕಾಫಿ ಗಿಡ ತಂದು ಬೆಳೆಸಿದ್ದರೆಂಬ ಮಾತಿದೆ. ಆದರೆ ಕಾಫಿ ದೊಡ್ಡ ಉದ್ಯಮವಾಗಿ ಶುರುವಾದದ್ದು 1854ರಲ್ಲಿ, ಜಾನ್ ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯಲ್ಲಿ ತೋಟ ಹಾಕಿದ ಮೇಲೆ. ಅವನ ಹಿಂದೆ ಬಹಳ ಜನ ಬಂದರು. ಸಿಲೋನಿನಲ್ಲಿ ಹಣ ಮಾಡಿಕೊಟ್ಟ ಕ್ರಮವನ್ನೇ ಇಲ್ಲಿಗೂ ತಂದರು: ಕಾಡನ್ನು ಬುಡಮಟ್ಟ ಕಡಿದು, ಸುಟ್ಟು, ಬಯಲಾದ ಇಳಿಜಾರಿನಲ್ಲಿ ಸಾಲಾಗಿ ಗಿಡ ನೆಡುವುದು. ಮೊದಲ ಕೆಲವು ವರ್ಷ ಫಸಲು ಕಣ್ಣು ಕೋರೈಸುವಂತೆ ಬಂತು. ಶತಮಾನಗಳ ಎಲೆಗೊಬ್ಬರ ಮಣ್ಣಿನಲ್ಲಿತ್ತು, ಬಿಸಿಲು ಧಾರಾಳವಾಗಿತ್ತು. 1860ರ ದಶಕದ ನಡುವಿನಲ್ಲಿ ಬಿಳಿ ಕಾಂಡಕೊರಕ ಕಾಣಿಸಿಕೊಂಡಿತು. ಈ ಜೀರುಂಡೆ ಮೊಟ್ಟೆಯಿಡುವುದು ಬಿಸಿಲು ಬೀಳುವ ಅರೇಬಿಕಾ ಕಾಂಡದ ತೊಗಟೆಯ ಬಿರುಕಿನಲ್ಲಿ. ಹುಳು ಕಾಂಡದೊಳಗೇ ಕೊರೆಯುತ್ತ ಹೋಗುತ್ತದೆ, ಹೊರಗೆ ಎಲೆ ಹಳದಿಯಾಗುವ ಹೊತ್ತಿಗೆ ಒಳಗೆ ಗಿಡ ಮುಗಿದಿರುತ್ತದೆ. ತೋಟಕ್ಕೆ ತೋಟವೇ ಒಣಗಿದ ಮೇಲೆ ಮದ್ರಾಸ್ ಸರ್ಕಾರ ಜಾರ್ಜ್ ಬಿಡಿ ಎಂಬ ವೈದ್ಯ-ವಿಜ್ಞಾನಿಯನ್ನು ತನಿಖೆಗೆ ಕಳಿಸಿತು. 1869ರಲ್ಲಿ ಪ್ರಕಟವಾದ ಅವನ ವರದಿ ನೆರಳು ಬೇಕೆಂದಿತು. ಕಡಿದ ಮರಗಳೇ ಆ ಗಿಡದ ರಕ್ಷಣೆಯಾಗಿದ್ದವು ಎಂದು ಆ ಹೊತ್ತಿಗೆ ಒಪ್ಪಿಕೊಳ್ಳದೆ ದಾರಿಯಿರಲಿಲ್ಲ. ಘಾಟಿ ಅಂಚಿನ ಎಷ್ಟೋ ತೋಟಗಳು ಪಾಳುಬಿದ್ದವು. ಉಳಿದ ಪ್ಲಾಂಟರುಗಳು ಸಿದ್ದಾಪುರ, ಪೊಲಿಬೆಟ್ಟದ ಕಡೆಯ ಬಿದಿರು ಸೀಮೆಗೆ ಸರಿದು ಅಲ್ಲಿ ದೊಡ್ಡ ಮರಗಳನ್ನು ಉಳಿಸಿಕೊಂಡು ಅವುಗಳ ಕೆಳಗೆ ಕಾಫಿ ಬೆಳೆಸಿದರು. ಇಂದು ಪ್ರವಾಸಿಗರು ಕಾಡೆಂದು ತಿಳಿದು ಫೋಟೊ ತೆಗೆಯುವ ಆ ಹಸಿರು ಚಪ್ಪರ ದಿವಾಳಿಯಿಂದ ಕಲಿತ ವ್ಯಾಪಾರದ ಪಾಠ.

ಈ ಘಟನೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಫೌಲರನ ನಂತರ ಬಂದವರಲ್ಲಿ ಧೈರ್ಯಕ್ಕಾಗಲಿ ದುಡಿಮೆಗಾಗಲಿ ಕೊರತೆ ಇರಲಿಲ್ಲ. ಬಂಡವಾಳವಿತ್ತು, ಲಂಡನ್ನಿನಲ್ಲಿ ಮಾರುಕಟ್ಟೆಯಿತ್ತು, ಸರ್ಕಾರವೇ ಬೆನ್ನಿಗಿತ್ತು. ತಪ್ಪಿದ್ದು ಒಂದು ಕಡೆ: ಬೇರೆ ಊರಿನಲ್ಲಿ ಗೆದ್ದ ಮಾದರಿಯನ್ನು ಈ ಊರಿನ ಬಿಸಿಲು, ಮಳೆ, ಹುಳುಗಳ ಎದುರಿಟ್ಟು ಪರೀಕ್ಷಿಸಲಿಲ್ಲ. ಮರ ಉಳಿಸಿಕೊಂಡರೆ ಫಸಲು ಕಡಿಮೆಯಾಗುವುದು ನಿಜ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮರ ಕಪಾತು ಮಾಡಿಸುವ ಕೂಲಿಯೂ ಸಣ್ಣದಲ್ಲ. ಒಳ್ಳೆಯ ವರ್ಷದ ಲೆಕ್ಕಪುಸ್ತಕದಲ್ಲಿ ನೆರಳು ಬರೀ ಖರ್ಚಾಗಿ ಕಾಣುತ್ತದೆ. ಅದರ ಬೆಲೆ ಗೊತ್ತಾಗುವುದು ಬರ ಬಿದ್ದ ವರ್ಷ, ಹುಳು ಎದ್ದ ವರ್ಷ. ಹೊಸ ಉದ್ಯಮ ಶುರುಮಾಡುವ ಬಹುಮಂದಿ ಮೊದಲ ಎರಡು ವರ್ಷದಲ್ಲಿ ಕಡಿಯಲು ಹೊರಡುವುದು ಇಂಥ ಖರ್ಚುಗಳನ್ನೇ. ಕೈಯಲ್ಲಿ ಉಳಿಸಿದ ಹಣ, ಎರಡನೆಯ ಗಿರಾಕಿ, ಎರಡನೆಯ ಸರಕು, ಅನುಭವಿ ಕೆಲಸಗಾರ. ಇವು ಯಾವುವೂ ಲಾಭದ ಅಂಕಣದಲ್ಲಿ ಕಾಣುವುದಿಲ್ಲ.

ನೆರಳು ಬಂದ ಮೇಲೆ ಅದರ ಜೊತೆ ಉಳಿದದ್ದೂ ಬಂತು. ಮರಕ್ಕೆ ಕಾಳುಮೆಣಸಿನ ಬಳ್ಳಿ, ಗಿಡಗಳ ನಡುವೆ ಕಿತ್ತಳೆ, ತಂಪಿನ ಕಣಿವೆಯಲ್ಲಿ ಏಲಕ್ಕಿ, ಕಾಫಿ ಹೂವಿಗೆ ಜೇನು, ಕೆಳಗಿನ ಗದ್ದೆಯಲ್ಲಿ ಭತ್ತ. ಇವುಗಳ ಕಾಲವೂ ಒಂದರ ಮೇಲೊಂದು ಬೀಳುವುದಿಲ್ಲ. ಏಲಕ್ಕಿ ಮಳೆಗಾಲದ ಕೊನೆಗೆ, ಅರೇಬಿಕಾ ನವೆಂಬರಿನಿಂದ, ರೊಬಸ್ಟಾ ಜನವರಿಯಿಂದ, ಅದರ ಬೆನ್ನಿಗೆ ಮೆಣಸು. ಹೀಗಾಗಿ ಅದೇ ಆಳುಗಳಿಗೆ ಹೆಚ್ಚು ತಿಂಗಳು ಕೆಲಸ, ಮನೆಗೆ ವರ್ಷದಲ್ಲಿ ಹಲವು ಬಾರಿ ಹಣ. ಕೊಡವರ ಒಕ್ಕಗಳು (ಕೂಡುಕುಟುಂಬಗಳು), ಗೌಡ ಮನೆತನಗಳು ಇದಕ್ಕೆ ಇನ್ನೊಂದು ಪದರ ಸೇರಿಸಿಕೊಂಡವು: ಒಬ್ಬ ತೋಟದಲ್ಲಿ, ಒಬ್ಬ ಸೈನ್ಯದಲ್ಲಿ. ಕಾರ್ಯಪ್ಪ, ತಿಮ್ಮಯ್ಯ ಅವರಂಥ ಸೇನಾನಿಗಳನ್ನು ಕೊಟ್ಟ ಜಿಲ್ಲೆಯ ಶೌರ್ಯದ ಬಗ್ಗೆ ಧಾರಾಳವಾಗಿ ಬರೆದಿದ್ದಾರೆ. ತಿಂಗಳಿಗೊಮ್ಮೆ ತಪ್ಪದೆ ಬರುವ ಸಂಬಳ, ಆಮೇಲೆ ಬರುವ ಪಿಂಚಣಿ ಎಷ್ಟು ತೋಟಗಳನ್ನು ಕೆಟ್ಟ ವರ್ಷಗಳಲ್ಲಿ ಮಾರಾಟದಿಂದ ಉಳಿಸಿರಬೇಕು ಎಂಬುದನ್ನು ಬರೆದವರು ಕಡಿಮೆ. ಹೊಸ ಉದ್ಯಮಕ್ಕೆ ಮೊದಲ ಹೂಡಿಕೆದಾರರಾಗಿ ನಿಲ್ಲುವುದು ಎಷ್ಟೋ ಸಲ ಮನೆಯಲ್ಲಿ ಸಂಬಳ ತರುವ ಇನ್ನೊಬ್ಬರೇ. ಬೆಂಗಳೂರಿನ ಸಾಫ್ಟ್‌ವೇರ್ ದಂಪತಿಗಳಲ್ಲಿ ಒಬ್ಬರು ಕೆಲಸ ಬಿಟ್ಟು ಕಂಪನಿ ಕಟ್ಟುವಾಗಲೂ ನಡೆಯುವುದು ಇದೇ. ಆ ಸಂಬಳಕ್ಕೆ ಸಲ್ಲಬೇಕಾದ ಗೌರವ ನಮ್ಮ ಯಶಸ್ಸಿನ ಕಥೆಗಳಲ್ಲಿ ಸಲ್ಲುತ್ತಿಲ್ಲ.

ಮಡಿಕೇರಿಯಿಂದ ಭಾಗಮಂಡಲದ ದಾರಿ ಹಿಡಿದರೆ ಇದೇ ಪಾಠದ ಕಹಿ ಮುಖ ಎದುರಾಗುತ್ತದೆ. ಭಾಗಮಂಡಲ ಮತ್ತು ವಿರಾಜಪೇಟೆಯ ಜೇನು ಸಹಕಾರ ಸಂಘಗಳು ಕೊಡಗಿನ ಜೇನಿಗೆ ದೇಶದುದ್ದಕ್ಕೂ ಹೆಸರು ತಂದಿದ್ದವು. ಪೆಟ್ಟಿಗೆಯಲ್ಲಿ ತುಡುವೆ ಜೇನು ಸಾಕುವುದಕ್ಕೆ ಹೆಚ್ಚು ಬಂಡವಾಳ ಬೇಡ, ಸ್ವಂತ ಜಮೀನು ಬೇಡ, ಸಂಘವಿದ್ದುದರಿಂದ ಮಾರಾಟದ ಚಿಂತೆಯೂ ಇರಲಿಲ್ಲ. ಸಣ್ಣ ಉದ್ಯಮಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಹುಡುಕಿದರೂ ಸಿಗದು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ದಕ್ಷಿಣ ಭಾರತಕ್ಕೆ ಹರಡಿತು. ಮರಿಹುಳುಗಳು ನೀರು ತುಂಬಿದ ಚೀಲದಂತಾಗಿ ಸಾಯುವ ಕಾಯಿಲೆ ಅದು. ತುಡುವೆ ಕುಟುಂಬಗಳಲ್ಲಿ ಬಹುಪಾಲು ಕೆಲವೇ ತಿಂಗಳಲ್ಲಿ ನಾಶವಾದವು, ಪೆಟ್ಟಿಗೆಗಳು ಖಾಲಿ ಉಳಿದವು. ಇಲ್ಲಿ ಯಾರನ್ನೂ ದೂರುವಂತಿಲ್ಲ, ಸಾಕಿದವರು ಯಾವ ನಿಯಮವನ್ನೂ ಮೀರಿರಲಿಲ್ಲ. ಆದರೆ ಜೇನನ್ನು ತೋಟದ ಒಂದು ಬದಿಯ ಆದಾಯವಾಗಿ ಇಟ್ಟುಕೊಂಡವರು ಮತ್ತೆ ಕಾಡಿನಿಂದ ಕುಟುಂಬ ಹಿಡಿದು ತಂದು ಶುರುಮಾಡುವವರೆಗೆ ಕಾಯಬಲ್ಲವರಾಗಿದ್ದರು. ಅದೊಂದನ್ನೇ ನೆಚ್ಚಿದವರಿಗೆ ಆ ಅವಕಾಶವಿರಲಿಲ್ಲ. ಕಿತ್ತಳೆಯ ಕತೆಯೂ ದೂರದ್ದಲ್ಲ. ಗ್ರೀನಿಂಗ್ ರೋಗ, ವಯಸ್ಸಾದ ಮರ, ಕೆಟ್ಟ ಸಸಿಗಳಿಂದ ಅದು ನಿಧಾನವಾಗಿ ಕರಗಿತು. ಕೊಡಗಿನ ಕಿತ್ತಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಬರುವ ಹೊತ್ತಿಗೆ ತೋಟಗಳಲ್ಲಿ ಕಿತ್ತಳೆಯೇ ವಿರಳವಾಗಿತ್ತು. ಹೆಸರನ್ನು ಕಾಪಾಡುವ ಕಾಗದಕ್ಕಿಂತ ಮೊದಲು ಸರಕನ್ನು ಕಾಪಾಡುವ ಸಸಿ ಬೇಕಿತ್ತು.

ಇವೆಲ್ಲ ಹುಳು, ವೈರಸ್ಸುಗಳ ಮಾತು. ಬೆಲೆಯ ಏರಿಳಿತದ ಮುಂದೆ ಇವೂ ಸಣ್ಣವು. 1942ರ ಕಾಫಿ ಕಾಯ್ದೆಯ ನಂತರ ಐದು ದಶಕ ಕಾಲ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಿ, ಕಂತುಗಳಲ್ಲಿ ಹಣ ಪಡೆಯುತ್ತಿದ್ದರು. ಮಂಡಳಿಯ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟ. 1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು, 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. 1992ರಿಂದ ಹಂತಹಂತವಾಗಿ ಮಾರಾಟ ಸಡಿಲಗೊಂಡು 1996ರ ಹೊತ್ತಿಗೆ ಪೂರ್ತಿ ಮುಕ್ತವಾಯಿತು. ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮಗಟ್ಟುವ ಚಳಿಗೆ ಕಾಫಿ ಗಿಡಗಳು ಸುಟ್ಟು ಜಗತ್ತಿನ ಬೆಲೆ ಆಕಾಶಕ್ಕೇರಿತು. ಗೋಣಿಕೊಪ್ಪ, ವಿರಾಜಪೇಟೆ, ಸೋಮವಾರಪೇಟೆಗಳಲ್ಲಿ ಆ ಹಣ ಜೀಪಾಯಿತು, ಮನೆಯಾಯಿತು, ಮದುವೆಯಾಯಿತು. ಹೊಸ ತೋಟ ಕೊಳ್ಳಲು ಸಾಲವಾಯಿತು. ಆ ಸಾಲದ ಲೆಕ್ಕವನ್ನು 1994ರ ಬೆಲೆಯ ಮೇಲೆ ಹಾಕಲಾಗಿತ್ತು. 2001ರಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ 50 ಸೆಂಟಿಗೂ ಕೆಳಗಿಳಿಯಿತು. ಕೊಯ್ಲಿನ ಕೂಲಿಯೂ ಹುಟ್ಟದ ಆ ವರ್ಷಗಳ ಭಾರ ಎಷ್ಟಿತ್ತೆಂದರೆ 2002ರಲ್ಲಿ ಕೇಂದ್ರ ಸರ್ಕಾರ ಬೆಳೆಗಾರರ ಬಾಕಿಗಳನ್ನು ವಿಶೇಷ ಅವಧಿ ಸಾಲವಾಗಿ ಮಾರ್ಪಡಿಸಬೇಕಾಯಿತು, 2010ರಲ್ಲಿ ಮತ್ತೊಂದು ಪರಿಹಾರ ಯೋಜನೆ ತರಬೇಕಾಯಿತು. ಸಾಲ ತಪ್ಪೆಂದು ನಾನು ಹೇಳುತ್ತಿಲ್ಲ. ಸಾಲವಿಲ್ಲದೆ ತೋಟವೂ ಇಲ್ಲ, ಕಾರ್ಖಾನೆಯೂ ಇಲ್ಲ. ಕಂತನ್ನು ಯಾವ ವರ್ಷದ ಬೆಲೆಯ ಮೇಲೆ ಕಟ್ಟಿದ್ದೇವೆ ಎಂಬುದೇ ಪ್ರಶ್ನೆ. ಕಳೆದ ಹತ್ತು ವರ್ಷಗಳಲ್ಲಿ ಅತಿ ಕಡಿಮೆ ಬೆಲೆಯಿದ್ದ ವರ್ಷದಲ್ಲೂ ತೀರಿಸಬಹುದಾದಷ್ಟು ಸಾಲ ಒಂದು ಬಗೆ, ಅತಿ ಹೆಚ್ಚಿದ್ದ ವರ್ಷದಲ್ಲಿ ಮಾತ್ರ ತೀರುವ ಸಾಲ ಇನ್ನೊಂದು ಬಗೆ. ಬ್ಯಾಂಕಿನ ಅರ್ಜಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಕಾಳುಮೆಣಸಿನದು ಇನ್ನೂ ಹತ್ತಿರದ ನೆನಪು. 2015-16ರಲ್ಲಿ ಕಿಲೋಗೆ 700 ರೂಪಾಯಿಯ ಆಸುಪಾಸಿದ್ದ ಮೆಣಸು ಮೂರ್ನಾಲ್ಕು ವರ್ಷದಲ್ಲಿ ಅದರ ಅರ್ಧಕ್ಕಿಳಿಯಿತು. ವಿಯೆಟ್ನಾಮಿನ ಅಗ್ಗದ ಮೆಣಸು ದೇಶದೊಳಕ್ಕೆ ಹರಿದು ಬಂತು. ಗೋಣಿಕೊಪ್ಪದ ಕೃಷಿ ಮಾರುಕಟ್ಟೆಯಲ್ಲಿ ಅದನ್ನು ಸ್ಥಳೀಯ ಮೆಣಸಿನೊಡನೆ ಬೆರೆಸುತ್ತಿದ್ದಾರೆಂಬ ಆರೋಪ 2017ರಲ್ಲಿ ಜಿಲ್ಲೆಯನ್ನೇ ಕಲಕಿತು. ಬೆಳೆಗಾರರು ಬೀದಿಗಿಳಿದರು. ಆ ವರ್ಷದ ಕೊನೆಗೆ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿಪಡಿಸಿತು. ಬೆಳೆಗಾರರ ಸಿಟ್ಟು ನ್ಯಾಯವಾದದ್ದೇ. ಪರಿಮಳದಿಂದ, ಸಾಂದ್ರತೆಯಿಂದ ಹೆಸರು ಗಳಿಸಿದ ಸರಕಿಗೆ ಬೆರಕೆ ಬಿದ್ದರೆ ನಷ್ಟವಾಗುವುದು ಒಬ್ಬಿಬ್ಬರಿಗಲ್ಲ, ಇಡೀ ಊರಿಗೆ. ಕುಶಾಲನಗರದ ಅಂಗಡಿ ಸಾಲಿನಲ್ಲಿ ಕೊಡಗಿನ ಹೆಸರಿನಡಿ ಮಾರುವ ಪ್ರತಿಯೊಬ್ಬರೂ ಈ ಸಾಮೂಹಿಕ ಬಂಡವಾಳದಿಂದ ತೆಗೆದು ಬಳಸುತ್ತಿದ್ದಾರೆ. ಹೊಸ ಉದ್ಯಮಿಗೆ ಇದು ಉಚಿತವಾಗಿ ಸಿಗುವ ದೊಡ್ಡ ಆಸ್ತಿ. ಅದಕ್ಕೆ ಮರಳಿ ಏನನ್ನು ಸೇರಿಸುತ್ತೇನೆ ಎಂದು ಕೇಳಿಕೊಳ್ಳದಿದ್ದರೆ ಆ ಆಸ್ತಿ ಬೇಗ ಸವೆಯುತ್ತದೆ.

ಇನ್ನು ಪ್ರವಾಸೋದ್ಯಮ. 1994ರಲ್ಲಿ ಸಿದ್ದಾಪುರದ ಬಳಿಯ ಕರಡಿಗೋಡಿನಲ್ಲಿ ರಾಮಪುರಂ ಕುಟುಂಬ ತನ್ನ ಕಾಫಿ ತೋಟದೊಳಗೆ ಆರೆಂಜ್ ಕೌಂಟಿ ರೆಸಾರ್ಟ್ ತೆರೆದಾಗ ತೋಟವನ್ನೇ ನೋಡಲು ಜನ ಹಣ ಕೊಟ್ಟು ಬರುತ್ತಾರೆಂಬುದು ಇಲ್ಲಿ ಹೊಸ ಮಾತು. 2001ರ ಬೆಲೆ ಕುಸಿತದ ನಂತರ ಹೋಂಸ್ಟೇಗಳು ಹೆಚ್ಚಿದವು. ಒಕ್ಕದ ಮೂಲಮನೆಯಾದ ಐನ್‌ಮನೆಯ ಪಕ್ಕದ ಎರಡು ಕೋಣೆ, ಪಂದಿ ಕರಿ, ಕಡಂಬಿಟ್ಟು, ತೋಟದಲ್ಲಿ ಒಂದು ಸುತ್ತು. ಕಾಫಿಯ ಕೆಟ್ಟ ವರ್ಷವನ್ನು ದಾಟಲು ಹುಟ್ಟಿದ ಉಪಾಯ ಅದು, ಒಳ್ಳೆಯ ಉಪಾಯ. ಬರುಬರುತ್ತ ಉಪಾಯವೇ ಉದ್ಯಮವಾಯಿತು. ಗುಡ್ಡ ಅಗೆದು ಸಮತಟ್ಟು ಮಾಡಿದ ಜಾಗದಲ್ಲಿ ಸಾಲದ ಹಣದಿಂದ ಹೊಸ ಕಟ್ಟಡಗಳು ಎದ್ದವು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆಯ ಕಡೆ ಬೆಟ್ಟಗಳೇ ಜಾರಿದವು. ಜನ ಸತ್ತರು, ಮನೆ ತೋಟಗಳು ಮಣ್ಣಿನಡಿ ಸೇರಿದವು. ಮಂಗಳೂರಿನ ಹೆದ್ದಾರಿ ಮುಚ್ಚಿತು, ಜಿಲ್ಲಾಡಳಿತ ಕೆಲಕಾಲ ಪ್ರವಾಸಿಗರನ್ನು ತಡೆಯಿತು. ಮರುವರ್ಷ ತೋರದಲ್ಲಿ ಗುಡ್ಡ ಕುಸಿಯಿತು, ಕರಡಿಗೋಡಿನಲ್ಲಿ ಕಾವೇರಿ ಮನೆಗಳಿಗೆ ನುಗ್ಗಿದಳು. 2020ರಲ್ಲಿ ಕೋವಿಡ್, ಅದೇ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಕುಸಿದು ಮನೆಯಲ್ಲಿದ್ದ ಅರ್ಚಕ ಕುಟುಂಬದವರು ಸತ್ತರು. ಇದ್ದ ಮನೆಯಲ್ಲೇ ಎರಡು ಕೋಣೆ ಬಿಟ್ಟುಕೊಟ್ಟವರು ಆ ಮೂರು ವರ್ಷ ಕೋಣೆಗೆ ಬೀಗ ಹಾಕಿ ಕಾಫಿಗೆ ಮರಳಬಹುದಿತ್ತು. ಸಾಲ ಮಾಡಿ ಕಟ್ಟಿದವರಿಗೆ ಬೀಗ ಹಾಕುವುದೂ ಸಾಧ್ಯವಿರಲಿಲ್ಲ, ಕಂತು ನಿಲ್ಲುವುದಿಲ್ಲವಲ್ಲ. ಒಂದೇ ಊರು, ಒಂದೇ ಮಳೆ, ಒಂದೇ ವ್ಯಾಪಾರ. ಬೇರೆ ಇದ್ದದ್ದು ಅದರ ಕೆಳಗಿನ ಲೆಕ್ಕ.

ಈಗ ಆಕ್ಷೇಪಗಳು. ಹಾಸಿಗೆ ಇದ್ದಷ್ಟು ಕಾಲು ಚಾಚುವವರಿಂದ ದೊಡ್ಡದೇನೂ ಹುಟ್ಟುವುದಿಲ್ಲ ಎಂಬುದು ಮೊದಲನೆಯದು, ಇದರಲ್ಲಿ ಸತ್ಯಾಂಶವಿದೆ. ಕೊಡಗು ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಬೆಳೆಯುತ್ತದೆ. ಅದರ ಬಹುಭಾಗ ಒಣ ಚೆರ್ರಿಯಾಗಿಯೋ ಪಾರ್ಚ್‌ಮೆಂಟ್ ಆಗಿಯೋ ಚೀಲದಲ್ಲಿ ಜಿಲ್ಲೆ ಬಿಡುತ್ತದೆ. ಕನ್ಸಾಲಿಡೇಟೆಡ್ ಕಾಫಿ ಕಂಪನಿಯ ಕಾಲದಿಂದಲೂ ಪೊಲಿಬೆಟ್ಟ ಕಾಫಿ ತೋಟಗಳ ದೊಡ್ಡ ಕೇಂದ್ರ. ಆ ಕಂಪನಿ ಟಾಟಾ ಕಾಫಿಯಾದ ಮೇಲೂ ಇನ್‌ಸ್ಟಂಟ್ ಕಾಫಿಯ ಕಾರ್ಖಾನೆಗಳು ಇದ್ದದ್ದು ತೆಲಂಗಾಣದ ತೂಪ್ರಾನ್‌ನಲ್ಲಿ, ತಮಿಳುನಾಡಿನ ತೇಣಿಯಲ್ಲಿ. 2012ರಲ್ಲಿ ಟಾಟಾ ಸಮೂಹ ಸ್ಟಾರ್‌ಬಕ್ಸ್ ಜೊತೆ ಮೊದಲ ಮಳಿಗೆ ತೆರೆದದ್ದು ಮುಂಬೈಯಲ್ಲಿ. ಮರುವರ್ಷ ಕುಶಾಲನಗರದ ಬಳಿ ಹುರಿಯುವ ಘಟಕ ಬಂದದ್ದು ಸಮಾಧಾನದ ವಿಷಯ. ಬೀಜವನ್ನು ಬಟ್ಟಲಾಗಿ ಮಾರಬಹುದೆಂದು ತೋರಿಸಿದ ಕನ್ನಡಿಗ ಪಕ್ಕದ ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಅವರು ಮೊದಲ ಕೆಫೆ ಕಾಫಿ ಡೇ ತೆರೆದರು. ಕೊಡಗಿನ ಹಿರಿಯರ ಎಚ್ಚರಿಕೆಯನ್ನೇ ಪಾಲಿಸಿದ್ದರೆ ಆ ಕೆಫೆ ಹುಟ್ಟುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಆದರೆ ಎರಡು ವಿಷಯಗಳನ್ನು ಬೇರ್ಪಡಿಸಬೇಕು. ತೋಟದ ಮನೆಯಿಂದ ಬಂದವರು ಬೀಜದ ಮುಂದಿನ ಹೆಜ್ಜೆಗಳನ್ನೂ ತಾವೇ ಇಟ್ಟದ್ದು ಒಂದು. ಆ ಹೆಜ್ಜೆಗಳ ಕೆಳಗೆ ಬೆಳೆದ ಸಾಲ ಇನ್ನೊಂದು. 2019ರ ಮಾರ್ಚ್ ಕೊನೆಗೆ ಕಾಫಿ ಡೇ ಸಮೂಹದ ಸಾಲ 7,200 ಕೋಟಿ ರೂಪಾಯಿಯನ್ನು ಮೀರಿತ್ತು. ಅದೇ ವರ್ಷದ ಜುಲೈನಲ್ಲಿ ಅವರು ತೀರಿಕೊಂಡ ಸುದ್ದಿ ಮಲೆನಾಡಿನ ಪ್ರತಿ ತೋಟದ ಮನೆಯನ್ನೂ ತಟ್ಟಿತು. ಅವರ ಸಾಹಸಕ್ಕೆ ನನ್ನ ಗೌರವ ಕಡಿಮೆಯಾಗಿಲ್ಲ. ಆಸ್ತಿಗಳನ್ನು ಮಾರಿ, ಮಳಿಗೆಗಳನ್ನು ಕಡಿಮೆ ಮಾಡಿ ಆ ಸಂಸ್ಥೆ ಮುಂದೆ ಉಸಿರು ಹಿಡಿದುಕೊಂಡದ್ದನ್ನು ನೋಡಿದರೆ ಕೆಫೆಯ ಆಲೋಚನೆ ಗಟ್ಟಿಯಾಗಿಯೇ ಇತ್ತು ಎನಿಸುತ್ತದೆ. ಕೆಟ್ಟ ವರ್ಷದ ಲೆಕ್ಕ ಹಾಕುವುದೆಂದರೆ ಸುಮ್ಮನೆ ಕೂರುವುದೆಂದಲ್ಲ. ಹುರಿಯುವ ಯಂತ್ರವನ್ನು ಕೊಳ್ಳಬೇಕು. ಇಡೀ ತೋಟವನ್ನು ಅದಕ್ಕೆ ಅಡವಿಡಬಾರದು.

ಎರಡನೆಯ ಆಕ್ಷೇಪ ನನಗೆ ಹೆಚ್ಚು ಭಾರವಾದದ್ದು. ಕಾಯುವುದು, ಹಲವು ಬೆಳೆ ಇಡುವುದು, ಸಂಬಳದ ಇನ್ನೊಬ್ಬರನ್ನು ನೆಚ್ಚುವುದು, ಇವೆಲ್ಲ ನೆಲವಿದ್ದವರ ಅನುಕೂಲ. ನೆಲವಿಲ್ಲದವರು ಏನು ಮಾಡಬೇಕು? ಅದಕ್ಕೂ ಮಿಗಿಲಾಗಿ, ಮಾಲೀಕರು ಕೆಟ್ಟ ವರ್ಷವನ್ನು ದಾಟಿದ್ದು ಯಾರ ಹೆಗಲ ಮೇಲೆ? ಸಿದ್ದಾಪುರದ ಸುತ್ತಿನ ತೋಟಗಳಲ್ಲಿ ಯರವ, ಪಣಿಯ, ಕುರುಬ ಕುಟುಂಬಗಳು ತಲೆಮಾರುಗಳಿಂದ ತೋಟದ ಸಾಲುಮನೆಗಳಾದ ಲೈನ್ ಮನೆಗಳಲ್ಲಿ ಬಾಳಿವೆ. ಬೆಲೆ ಬಿದ್ದ ವರ್ಷ ಮೊದಲು ಕಡಿತವಾಗುವುದು ಅವರ ಕೆಲಸದ ದಿನ, ಅವರ ಮಾಡಿನ ಹೆಂಚು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಕಾಡಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳನ್ನು ಎಬ್ಬಿಸಿದಾಗ ನಡೆದ ಹೋರಾಟದಲ್ಲಿ ರಾಜ್ಯ ಕೇಳಿಸಿಕೊಂಡದ್ದು ಇದನ್ನೇ: ಲೈನ್ ಮನೆ ಬಿಟ್ಟರೆ ನಮಗೆ ಎಲ್ಲೂ ಜಾಗವಿಲ್ಲ. ಮುಂದೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಅವರಿಗೆ ಪುನರ್ವಸತಿಯಾಯಿತು. ಈ ಆಕ್ಷೇಪ ನನ್ನ ವಾದವನ್ನು ಉರುಳಿಸುವುದಿಲ್ಲ, ಆದರೆ ಅದು ಪೂರ್ತಿಯಾಗಬೇಕೆಂದು ಒತ್ತಾಯಿಸುತ್ತದೆ. ಕೆಟ್ಟ ವರ್ಷದ ನಷ್ಟವನ್ನು ಅತ್ಯಂತ ಬಡವರ ಮೇಲೆ ಜಾರಿಸಿ ಉಳಿಯುವ ಉದ್ಯಮವನ್ನು ಗಟ್ಟಿ ಉದ್ಯಮವೆಂದು ಕರೆಯಬಾರದು. ಅದು ನೈತಿಕವಾಗಿ ತಪ್ಪು, ಲೆಕ್ಕದಲ್ಲೂ ತಪ್ಪು. ಹೊಸ ತಲೆಮಾರು ತೋಟದ ಕೆಲಸ ಬಿಟ್ಟಿತು. ಈಗ ಕೊಯ್ಲಿಗೆ ಅಸ್ಸಾಂ, ಬಂಗಾಳದಿಂದ ಜನ ಬರಬೇಕು. ಅವರು ಬಾರದ ವರ್ಷ ಹಣ್ಣು ಗಿಡದಲ್ಲೇ ಒಣಗುತ್ತದೆ. ಕೆಲಸಗಾರರ ಮನೆ, ಮಕ್ಕಳ ಶಾಲೆ, ಮಳೆಗಾಲದ ಕೂಲಿ ಇವೂ ಮರದ ನೆರಳಿನಂತೆಯೇ ಮುಂಚಿತವಾಗಿ ಕಟ್ಟಬೇಕಾದ ರಕ್ಷಣೆ. ಇನ್ನು ನೆಲವಿಲ್ಲದವರ ಆರಂಭಕ್ಕೆ ಕೊಡಗು ಕೊಟ್ಟ ಉತ್ತರ ಸಹಕಾರ ಸಂಘ. ಜೇನು ಸಂಘಗಳು ವೈರಸ್ಸಿನಿಂದ ನಲುಗಿದರೂ ಮುಚ್ಚಿಹೋಗಲಿಲ್ಲ. ಒಬ್ಬೊಬ್ಬರಿಗೇ ಹೊರಲಾಗದ ಕೆಟ್ಟ ವರ್ಷವನ್ನು ಹಲವರು ಹಂಚಿಕೊಂಡು ಹೊರಬಲ್ಲರು.

ಮೂರನೆಯ ಆಕ್ಷೇಪ ಇಂದಿನ ಪೇಟೆಯದು. 2019-20ರಲ್ಲಿ ಲಂಡನ್ನಿನಲ್ಲಿ ಟನ್ನಿಗೆ 1,500 ಡಾಲರನ್ನೂ ಮುಟ್ಟಲು ಒದ್ದಾಡುತ್ತಿದ್ದ ರೊಬಸ್ಟಾ 2024ರಲ್ಲಿ 5,000 ಡಾಲರ್ ದಾಟಿತು. ವಿಯೆಟ್ನಾಮಿನಲ್ಲಿ ಬರ ಬಂತು, ಅಲ್ಲಿನ ರೈತರು ಕಾಫಿ ಕಿತ್ತು ದುರಿಯನ್ ಹಣ್ಣು ಹಾಕಿದ್ದರು. ಅರೇಬಿಕಾ, ಕಿತ್ತಳೆ, ಏಲಕ್ಕಿ ಎಂದು ಕೂತವರಿಗಿಂತ ಎಲ್ಲವನ್ನೂ ಕಿತ್ತು ರೊಬಸ್ಟಾ ಹಾಕಿ, ಕೆರೆ ತೋಡಿ, ತುಂತುರು ನೀರಾವರಿಯಿಂದ ತಾವೇ ಹೂಮಳೆ ಸುರಿಸಿಕೊಂಡವರು ಗೆದ್ದರಲ್ಲ? ಗೆದ್ದರು, ನಿಜ. ಅವರ ದುಡಿಮೆಯ ಫಲ ಅದು. ಆದರೆ ಇದನ್ನು ನಿಯಮವೆಂದು ಓದುವವರು 1994ನ್ನೂ ಹೀಗೆಯೇ ಓದಿದ್ದರು. ವಿಯೆಟ್ನಾಮಿನಲ್ಲಿ ಮಳೆ ಸರಿಯಾದರೆ, ಬ್ರೆಜಿಲ್ ರೊಬಸ್ಟಾ ಹೆಚ್ಚಿಸಿದರೆ ಬೆಲೆ ಎಲ್ಲಿಗೆ ಹೋದೀತೆಂದು ಗೋಣಿಕೊಪ್ಪದಲ್ಲಿ ಕೂತವರು ನಿರ್ಧರಿಸಲಾರರು. ಅವರ ಕೈಯಲ್ಲಿರುವುದು ಈ ಹಣವನ್ನು ಯಾವುದಕ್ಕೆ ಹಾಕುವುದೆಂಬುದು ಮಾತ್ರ. ರೊಬಸ್ಟಾಗೆ ಹೆಚ್ಚು ಬಿಸಿಲು ಬೇಕೆಂದು ಹಳೆಯ ಕಾಡುಮರಗಳನ್ನು ತೆಗೆದು, ಬೇಗ ಬೆಳೆದು ಸುಲಭವಾಗಿ ಮಾರಾಟವಾಗುವ ಸಿಲ್ವರ್ ಓಕ್ ಸಾಲು ನೆಡುವುದು ಒಂದು ದಾರಿ. ಸಾಲ ತೀರಿಸಿ, ಕಣ ಸರಿಪಡಿಸಿ, ಒಣಗಿಸುವ ಮನೆ ಕಟ್ಟಿ, ಸಣ್ಣದೊಂದು ಹುರಿಯುವ ಯಂತ್ರ ತರುವುದು ಇನ್ನೊಂದು. ನನ್ನ ಒಲವು ಎರಡನೆಯದರ ಕಡೆ. ಅದಕ್ಕೆ ಪೇಟೆಯ ಕಾರಣವೂ ಇದೆ. ಭಾರತದ ಕಾಫಿಯ ದೊಡ್ಡ ಗಿರಾಕಿ ಯುರೋಪ್, ಅದರಲ್ಲೂ ಇಟಲಿ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಯನ್ನು ಕೊಳ್ಳುವುದಿಲ್ಲವೆಂಬ ಕಾನೂನನ್ನು ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದೆ. ಜಾರಿಯ ದಿನವನ್ನು ಮುಂದೂಡುತ್ತ ಬಂದಿದ್ದರೂ ಬರುವ ಗಿರಾಕಿ ಕೇಳಲಿರುವುದು ಪ್ರತಿ ತೋಟದ ನಕ್ಷೆಯನ್ನು. 1860ರ ದಶಕದಲ್ಲಿ ಹುಳು ಕಲಿಸಿದ ನೆರಳನ್ನು ಉಳಿಸಿಕೊಂಡ ತೋಟದ ಬಳಿ ತೋರಿಸಲು ಏನಾದರೂ ಇರುತ್ತದೆ.

ಈ ಎಲ್ಲ ಲೆಕ್ಕವನ್ನು ಸರಿಯಾಗಿ ಹಾಕಿದ ಯುವಕ ಯುವತಿಯರೂ ಇಲ್ಲಿ ಸಿಕ್ಕಿಬೀಳುವ ಒಂದು ಜಾಗವಿದೆ. ಅದು ಕಂದಾಯ ಕಚೇರಿ. ಒಕ್ಕಗಳಿಗೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನುಗಳ ಒಡೆತನವನ್ನು ಸ್ಪಷ್ಟಪಡಿಸಲು 2011ರಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದರು. ಆದರೂ ಪಹಣಿಯಲ್ಲಿ ಒಕ್ಕದ ಯಜಮಾನರಾದ ಪಟ್ಟೇದಾರರೊಂದಿಗೆ ಹತ್ತಾರು ಹೆಸರುಗಳು, ತೀರಿಹೋದವರ ಹೆಸರುಗಳೂ, ಸೇರಿಕೊಂಡಿರುವ ತೊಡಕು ಅನೇಕ ಕಡೆ ಬಗೆಹರಿದಿಲ್ಲ. ಒಕ್ಕದ ಒಟ್ಟು ಒಡೆತನ ಭೂಮಿಯನ್ನು ಚೂರಾಗದಂತೆ, ಹೊರಗೆ ಮಾರಾಟವಾಗದಂತೆ ಕಾಪಾಡಿತು ಎಂಬುದನ್ನು ಮರೆಯುವಂತಿಲ್ಲ, ಅದೂ ಕೆಟ್ಟ ವರ್ಷಕ್ಕೆ ಮಾಡಿಕೊಂಡ ಏರ್ಪಾಡೇ. ಆದರೆ ಎರಡು ಎಕರೆಯ ಪಾಲಿನಲ್ಲಿ ದುಡಿಯುವವಳು ಹುರಿಯುವ ಘಟಕಕ್ಕೆ ಬ್ಯಾಂಕಿನಲ್ಲಿ ಸಾಲ ಕೇಳಿದರೆ ಅವಳ ಹೆಸರಿನ ಒಂಟಿ ಕಾಗದ ಬೇಕು, ಯುರೋಪಿನ ಗಿರಾಕಿಗೆ ಅವಳ ತೋಟದ ಗಡಿಯ ಗುರುತು ಬೇಕು. ಭಾರತದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತೆಂಟರಷ್ಟು ಸಣ್ಣ ಬೆಳೆಗಾರರವು. ಕಾಫಿ ಮಂಡಳಿ ಬೆಳೆಗಾರರ ನೋಂದಣಿ ಶುರುಮಾಡಿದೆ. ಆ ಪಟ್ಟಿಯಲ್ಲಿ ಪಾಲುದಾರಳಾಗಿ ದುಡಿಯುವವಳ ಹೆಸರನ್ನೂ ಅವಳ ತುಂಡಿನ ಗಡಿಯನ್ನೂ ಒಕ್ಕದ ಹಕ್ಕಿಗೆ ಧಕ್ಕೆಯಾಗದಂತೆ ದಾಖಲಿಸುವ ಕ್ರಮವನ್ನು ಕಂದಾಯ ಇಲಾಖೆ, ಮಂಡಳಿ, ಬ್ಯಾಂಕುಗಳು ಸೇರಿ ರೂಪಿಸಬೇಕು. ಬೆಲೆ ಮೇಲಿರುವಾಗಲೇ, ಮುಂದಿನ ಕುಸಿತಕ್ಕೆ ಮುಂಚೆಯೇ ಈ ಕೆಲಸ ನಡೆಯಬೇಕು.